ಹಿಂದಿ ಬೈಬಲ್ ಕೊಟ್ಟರೆ ಸಾಲದೇ?

ಪ್ರಶ್ನೆ: ಮಲ್ಪೆ ಬಂದರಿನಲ್ಲಿ, ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವ ಜಾರ್ಖಂಡ್, ಒಡಿಶಾದವರು ನಮ್ಮ ಚರ್ಚಿಗೆ ಬರುತ್ತಾರೆ. ಕೆಲವರು ಬೈಬಲ್ ಕೇಳಿದ್ದಾರೆ. ಹಿಂದಿಯದ್ದು ಕೊಟ್ಟರೆ ಸಾಲದೇ? ಅವರವರ ಭಾಷೆಯದ್ದು ತರಿಸುವುದು ಹೇಗೆ?

ಉತ್ತರ: ಕೆಲವರಿಗೆ ಸಾಕು. ಆದರೆ ಮೇಸ್ತ್ರಿಯ ಹತ್ತಿರ ಹಿಂದಿ ಮಾತಾಡುವವರೆಲ್ಲ ಹಿಂದಿ ಪುಸ್ತಕ ಓದಬಲ್ಲರು ಎಂದುಕೊಳ್ಳಬೇಡಿ. ರಾಜ್ಯದ ಹೆಸರು ಕೇಳಿ ಭಾಷೆ ಹೇಳಲೂ ಬರುವುದಿಲ್ಲ. ಜಾರ್ಖಂಡ್ ಒಂದರಲ್ಲೇ ಸಂತಾಲಿ, ಮುಂಡಾರಿ, ಕುಡುಖ್, ಖಡಿಯಾ, ಹೋ, ಸಾದ್ರಿ ಇವೆ. ಒಡಿಶಾದ ಕಂಧಮಾಲ್ ಕಡೆಯವರ ಮನೆಮಾತು ಕುಯಿ ಇರಬಹುದು. ಕುಡುಖ್, ಕುಯಿ ಎರಡೂ ದ್ರಾವಿಡ ಭಾಷೆಗಳು; ಹಿಂದಿಗಿಂತ ನಮ್ಮ ತುಳುವಿಗೇ ಹತ್ತಿರದ ನೆಂಟರು!

ಭಾಷೆ ಗೊತ್ತಾದ ಕೂಡಲೇ ಆರ್ಡರ್ ಮಾಡಬೇಡಿ, ಲಿಪಿ ಕೇಳಿ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಮಂಗಳೂರಿನ ಕೊಂಕಣಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕನ್ನಡ ಲಿಪಿಯಲ್ಲಿ ಕೊಂಕಣಿ ಓದುವ ಅಜ್ಜಿಗೆ ಗೋವಾದ ರೋಮಿ, ಅಂದರೆ ರೋಮನ್ ಲಿಪಿಯ ಪುಸ್ತಕ ಕೊಟ್ಟರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಸಂತಾಲಿಗೆ ರಘುನಾಥ ಮುರ್ಮು 1925ರಲ್ಲಿ ಓಲ್ ಚಿಕಿ ಲಿಪಿ ರೂಪಿಸಿದರು. ಚರ್ಚುಗಳಲ್ಲಿ ಅದಕ್ಕೂ ಹಿಂದಿನಿಂದ ರೋಮನ್ ಲಿಪಿ ಬಳಕೆಯಲ್ಲಿದೆ. ಬಂಗಾಳಿ, ಒಡಿಯಾ, ದೇವನಾಗರಿಯಲ್ಲಿ ಓದುವವರೂ ಇದ್ದಾರೆ. ಈಶಾನ್ಯದ ಭಾಷೆಗಳಲ್ಲಿ ಖಾಸಿ, ಗಾರೋ ರೋಮನ್‌ನಲ್ಲಿವೆ, ಬೋಡೋ ದೇವನಾಗರಿಯಲ್ಲಿ.

ಪರೀಕ್ಷೆ ಸುಲಭ. ಮೊಬೈಲಿನ ಬೈಬಲ್ ಆ್ಯಪ್‌ನಲ್ಲಿ ಲೂಕ 15ನೇ ಅಧ್ಯಾಯ ತೆರೆದು ನಾಲ್ಕು ಸಾಲು ಗಟ್ಟಿಯಾಗಿ ಓದಿಸಿ. ಕರ್ತನ ಪ್ರಾರ್ಥನೆ ಓದಿಸಿದರೆ ಪ್ರಯೋಜನವಿಲ್ಲ. ಅದು ಬಾಯಿಪಾಠ ಇರುತ್ತದೆ, ಪುಟ ನೋಡದೆಯೂ ಹೇಳಿಬಿಡುತ್ತಾರೆ. ಹಳೆಯ ಫೋನಿನಲ್ಲಿ ಓಲ್ ಚಿಕಿ ಅಕ್ಷರಗಳ ಬದಲು ಬರೀ ಚೌಕಗಳು ಕಂಡರೆ ಅದು ಫಾಂಟಿನ ತೊಂದರೆ, ಓದುಗನದ್ದಲ್ಲ.

ನಂತರ ಪಟ್ಟಿ ಮಾಡಿ: ಭಾಷೆ, ಲಿಪಿ, ಪೂರ್ತಿ ಬೈಬಲ್ಲೋ ಹೊಸ ಒಡಂಬಡಿಕೆ ಮಾತ್ರವೋ, ಎಷ್ಟು ಪ್ರತಿ. ಒಂದೇ ಭಾಷೆಗೆ ಎರಡು ಹೆಸರಿರುತ್ತವೆ. ಕುಡುಖ್ ಎಂದರೂ ಒರಾಂವ್ ಎಂದರೂ ಒಂದೇ, ಸಾದ್ರಿಗೆ ನಾಗಪುರಿ ಎಂದೂ ಹೇಳುತ್ತಾರೆ. ಎರಡನ್ನೂ ಬರೆಯಿರಿ. ಕಥೋಲಿಕರೋ ಪ್ರೊಟೆಸ್ಟೆಂಟರೋ ಎಂದೂ ಕೇಳಿ: ಕಥೋಲಿಕ ಬೈಬಲಿನಲ್ಲಿ 73 ಪುಸ್ತಕ, ಇನ್ನೊಂದರಲ್ಲಿ 66. ಪಟ್ಟಿ ಹಿಡಿದು ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಬೈಬಲ್ ಸೊಸೈಟಿ ಆಫ್ ಇಂಡಿಯಾವನ್ನು ವಿಚಾರಿಸಿ. ಅಲ್ಲಿ ಸಿಗದಿದ್ದರೆ ಊರಿಗೆ ಹೋಗುವವರ ಕೈಯಲ್ಲಿ ರಾಂಚಿ ಕಡೆಯಿಂದ ತರಿಸುವುದು ಒಳ್ಳೆಯ ದಾರಿ. ಮೊದಲ ಸಲ ಭಾಷೆಗೆ ಒಂದೆರಡು ಪ್ರತಿ ಸಾಕು. ಓದಿದವರು ಸರಿ ಎಂದ ಮೇಲೆ ಹೆಚ್ಚು ತರಿಸಿ.

ಸಮಯವೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟಿನವರಲ್ಲಿ ತುಂಬ ಜನ ಊರಿಗೆ ಹೋಗಿರುತ್ತಾರೆ. ಮೇ ಕೊನೆಗೆ ಪಾರ್ಸೆಲ್ ಬಂದರೆ ಮಳೆಗಾಲದ ಆಟಿ ತಿಂಗಳ ತಂಡಿಗೆ ತೆಳು ಕಾಗದ ಸುಕ್ಕಾಗಿ, ಬೂಷ್ಟು ಹಿಡಿದು, ಅಂಟಿನ ಬೈಂಡಿಂಗ್ ಬಿಡುತ್ತದೆ. ಆಗಸ್ಟ್‌ಗೆ ತರಿಸಿ. ಬೋಟಿಗೆ ಒಯ್ಯುವವರಿಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್ ಕೊಡಿ.

ಕೇಳಿದವರಿಗಷ್ಟೇ, ನೇರ ಅವರ ಕೈಗೇ ಕೊಡಿ. ಗುತ್ತಿಗೆದಾರನ ಮೂಲಕ ಹಂಚಿದರೆ ಬೇಡವಾದವರಿಗೂ ಬೇಡ ಎನ್ನಲು ಧೈರ್ಯ ಬಾರದು.

ಓದು ಬಾರದವರಿಗೆ ಆಡಿಯೊ ಇದೆ. 20 ಗಂಟೆಯ ಧ್ವನಿ 64 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 576 ಎಂಬಿ, ಸಣ್ಣ ಮೆಮೊರಿ ಕಾರ್ಡಿನಲ್ಲೂ ಹಿಡಿಯುತ್ತದೆ. ಕಡಲಿನಲ್ಲಿ ಸಿಗ್ನಲ್ ಇರುವುದಿಲ್ಲ. ಬೋಟು ದಕ್ಕೆ ಬಿಡುವ ಮೊದಲೇ ಫೈಲ್ ಹಾಕಿಕೊಟ್ಟು, ಫೋನಿನ ಡೇಟಾ ಆಫ್ ಮಾಡಿ ಒಮ್ಮೆ ಕೇಳಿಸಿ ನೋಡಿ.