ಗಾಯಗೊಂಡ ಹಕ್ಕಿಯ ಬಾಯಿಗೆ ನೀರು ಬಿಡಬೇಡಿ

ಕಿಟಕಿ ಗಾಜಿಗೆ ಬಡಿದು ಬಿದ್ದ ಹಕ್ಕಿ ಕಂಡರೆ ಬಹಳ ಜನ ಮೊದಲು ಮಾಡುವ ಕೆಲಸ ಒಂದೇ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಕೊಕ್ಕು ಬಿಡಿಸಿ, ನಾಲ್ಕು ಹನಿ ನೀರು ಬಿಡುತ್ತಾರೆ. ಕರುಣೆಯೇನೋ ನಿಜ. ಏಟಿನಿಂದ ಉಳಿದ ಹಕ್ಕಿ ಈ ಉಪಚಾರದಿಂದ ಸಾಯಬಹುದು.

ಹಕ್ಕಿಯ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಇದೆ. ಅದೇ ಶ್ವಾಸನಾಳದ ಬಾಯಿ. ನಮಗಿರುವಂಥ ಮುಚ್ಚಳ ಅದಕ್ಕಿಲ್ಲ. ಚುರುಕಾಗಿರುವ ಹಕ್ಕಿ ನುಂಗುವಾಗ ಆ ಸೀಳನ್ನೇ ಬಿಗಿದುಕೊಳ್ಳುತ್ತದೆ. ಮಂಕಾಗಿ ಬಿದ್ದ ಹಕ್ಕಿಗೆ ಅದು ಆಗುವುದಿಲ್ಲ, ನೀರು ಸೀದಾ ಉಸಿರಿನ ದಾರಿಗೆ ಇಳಿಯುತ್ತದೆ.

ಬಿಗಿಯಾಗಿ ಹಿಡಿಯುವುದು ಇನ್ನೂ ಕೆಟ್ಟದ್ದು. ನಮಗೆ ಎದೆ, ಹೊಟ್ಟೆಗಳ ನಡುವೆ ವಪೆ ಎಂಬ ಸ್ನಾಯು ಇದೆ. ಹಕ್ಕಿಗೆ ಅದಿಲ್ಲ. ಅದರ ಶ್ವಾಸಕೋಶವೂ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಗಾಳಿಯನ್ನು ಓಡಿಸುವುದು ಮೈಯೊಳಗೆ ಹರಡಿಕೊಂಡಿರುವ ಗಾಳಿಚೀಲಗಳು. ಸಾಮಾನ್ಯವಾಗಿ ಇವು 9. ಕಮ್ಮಾರನ ತಿದಿಯ ಹಾಗೆ ಹಿಗ್ಗಿ ಕುಗ್ಗುತ್ತವೆ. ಮೊದಲ ಸಲ ಎಳೆದ ಉಸಿರು ಬಹುಪಾಲು ಹಿಂದಿನ ಚೀಲಗಳಿಗೆ ಹೋಗುತ್ತದೆ, ಬಿಟ್ಟಾಗ ಶ್ವಾಸಕೋಶಕ್ಕೆ ಬರುತ್ತದೆ. ಮತ್ತೆ ಎಳೆದಾಗ ಮುಂದಿನ ಚೀಲಗಳಿಗೆ, ಬಿಟ್ಟಾಗ ಹೊರಕ್ಕೆ. ಒಂದು ಗುಟುಕು ಗಾಳಿಗೆ ಎರಡು ಉಸಿರಿನ ಪ್ರಯಾಣ! ಇದನ್ನೆಲ್ಲ ನಡೆಸುವುದು ಎದೆಮೂಳೆಯ ಏರಿಳಿತ. ಆ ಮೂಳೆಯನ್ನೇ ಅದುಮಿ ಹಿಡಿದರೆ, ಕೊಕ್ಕು ತೆರೆದೇ ಇದ್ದರೂ ಹಕ್ಕಿ ಉಸಿರುಗಟ್ಟುತ್ತದೆ.

ಈ ಚೀಲಗಳು ಮೂಳೆಯೊಳಕ್ಕೂ ಚಾಚಿಕೊಂಡಿವೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1774ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದರೆ ಮೈ ಜುಮ್ಮೆನ್ನುತ್ತದೆ. ಹಕ್ಕಿಯ ಶ್ವಾಸನಾಳ ಕಟ್ಟಿ, ರೆಕ್ಕೆಯ ಮೇಲ್ಮೂಳೆಯನ್ನು ಕತ್ತರಿಸಿದರೆ ಅದು ಆ ಮೂಳೆಯ ಮೂಲಕವೇ ಉಸಿರಾಡುತ್ತಿತ್ತು. ಕ್ರೂರವೇ, ಆದರೆ ಇಂದಿಗೂ ಕೆಲಸಕ್ಕೆ ಬರುವ ತಿಳಿವು. ರೆಕ್ಕೆ ಮುರಿದು ಮೂಳೆ ಹೊರಗೆ ಕಾಣುತ್ತಿದ್ದರೆ ಅದರ ಮೇಲೆ ನೀರನ್ನಾಗಲಿ ಔಷಧಿಯನ್ನಾಗಲಿ ಸುರಿಯಬಾರದು. ಸುರಿದದ್ದು ಗಾಳಿಚೀಲಕ್ಕೆ ಹೋಗಬಹುದು.

ಹಾಗಾದರೆ ಏನು ಮಾಡಬೇಕು? ತುಂಬಾ ಕಡಿಮೆ. ತೆಳು ಬಟ್ಟೆ ಹೊದಿಸಿ ಮೆಲ್ಲಗೆ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ದೊಡ್ಡ ಹಕ್ಕಿಯಾದರೆ ಕೊಕ್ಕು, ಉಗುರುಗಳ ಬಗ್ಗೆ ಜೋಪಾನ. ಪೆಟ್ಟಿಗೆ ಬೆಚ್ಚಗಿನ, ಸದ್ದಿಲ್ಲದ ಜಾಗದಲ್ಲಿರಲಿ. ಹಕ್ಕಿಯ ಮೈಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಏಟು ತಿಂದಾಗ ಅದನ್ನು ಕಾಯ್ದುಕೊಳ್ಳುವುದೇ ಅದಕ್ಕೆ ಕಷ್ಟ. ಹಾಲು, ಬ್ರೆಡ್ ಏನೂ ಬೇಡ. ಸುಮ್ನೆ ಇಣುಕಿ ನೋಡುತ್ತಿರುವುದೂ ಬೇಡ, ಫೋಟೋ ಅಂತೂ ಬೇಡವೇ ಬೇಡ. ಗಾಯವಿಲ್ಲದೆ ಬರೀ ಮಂಕಾಗಿದ್ದರೆ ಒಂದೆರಡು ಗಂಟೆ ಬಿಟ್ಟು, ಬೆಳಕಿರುವಾಗಲೇ ಹೊರಗೆ ಒಯ್ದು ಪೆಟ್ಟಿಗೆ ತೆರೆಯಿರಿ. ಹಾರದಿದ್ದರೆ ಹಕ್ಕಿಗಳನ್ನು ನೋಡುವ ಪಶುವೈದ್ಯರಿಗೋ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ತಲುಪಿಸಿ.

ಬೆಕ್ಕು ಕಚ್ಚಿದ್ದಾದರೆ ಮಾತ್ರ ಕಾಯಬೇಡಿ. ಗರಿಯಡಿಯ ಹಲ್ಲಿನ ತೂತು ಕಣ್ಣಿಗೇ ಕಾಣದಿರಬಹುದು. ಆದರೆ ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ಹಕ್ಕಿ ಸಾಯಬಹುದು. ಆಂಟಿಬಯೋಟಿಕ್ ಅವತ್ತೇ ಸಿಗಬೇಕು, ಹಕ್ಕಿ ಎಷ್ಟೇ ಲವಲವಿಕೆಯಿಂದ ಕಂಡರೂ.