ಒಂದು ಕ್ಲಿಕ್ಕೋ, ಎರಡು ಕ್ಲಿಕ್ಕೋ

ಸ್ವತಂತ್ರ ತಂತ್ರಾಂಶದ ಡೆಸ್ಕ್‌ಟಾಪ್ ಪರಿಸರವೊಂದಕ್ಕಾಗಿ, ಅಂದರೆ ಗಣಕದ ತೆರೆಯ ಮೇಲಿನ ಕಿಟಕಿ, ಮೆನು, ಫೈಲುಗಳನ್ನು ನೋಡಿಕೊಳ್ಳುವ ವ್ಯವಸ್ಥೆಗಾಗಿ, ಹಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ದುಡಿಯುತ್ತಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆಯೆಂದರೆ, ಸಂಬಳವಿಲ್ಲದೆ ಇಷ್ಟೊಂದು ಕೋಡ್ ಬರೆಯುವವರು ಎಲ್ಲಿ ಸಿಗುತ್ತಾರೆ ಎಂಬುದು. ಬರೆಯುವವರು ಸಿಗುತ್ತಾರೆ. ಅವರು ಬರೆದು ತಂದ ಪ್ಯಾಚನ್ನು (ಕೋಡಿಗೆ ಮಾಡಿದ ತಿದ್ದುಪಡಿಯನ್ನು) ಪೂರ್ತಿ ಓದಿ, ಸೊಗಸಾಗಿದ್ದರೂ ಇದು ಬೇಡವೆಂದು ಹೇಳಿ, ಅವರು ಮುನಿಸಿಕೊಂಡು ಹೋಗದಂತೆ ನೋಡಿಕೊಳ್ಳುವವರು ಸಿಗುವುದು ಕಷ್ಟ.

1996ರ ಅಕ್ಟೋಬರ್ 14ರಂದು ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಷ್ ಕೆಡಿಇ ಎಂಬ ಡೆಸ್ಕ್‌ಟಾಪ್ ಪರಿಸರದ ಯೋಜನೆಗೆ ಕರೆಕೊಟ್ಟಾಗ ಅವರ ದೂರು ಸರಳವಾಗಿತ್ತು: ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮಾದರಿಯ ಗಣಕಗಳಲ್ಲಿ ಒಂದು ಪ್ರೋಗ್ರಾಮಿನಂತೆ ಇನ್ನೊಂದು ಕಾಣುವುದಿಲ್ಲ, ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ, ಸಾಮಾನ್ಯ ಬಳಕೆದಾರರಿಗೆ ಅವು ದಕ್ಕುವುದಿಲ್ಲ. ಕಿಟಕಿ, ಗುಂಡಿಗಳನ್ನು ಕಟ್ಟಲು ಕೆಡಿಇ ಬಳಸಿದ ಕ್ಯೂಟಿ ಎಂಬ ಲೈಬ್ರರಿಯ (ಸಿದ್ಧ ಕೋಡಿನ ಸಂಗ್ರಹದ) ಪರವಾನಗಿ ಆಗ ಸ್ವತಂತ್ರವಾಗಿರಲಿಲ್ಲವೆಂಬ ಕಾರಣಕ್ಕೆ 1997ರಲ್ಲಿ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಪರಿಸರವನ್ನು ಆರಂಭಿಸಿದರು. 2000ದಲ್ಲಿ ಕ್ಯೂಟಿ ಜಿಪಿಎಲ್ ಎಂಬ ಸ್ವತಂತ್ರ ಪರವಾನಗಿಯ ಅಡಿಯಲ್ಲಿ ಬಂದು ಆ ತಕರಾರು ತೀರಿತಾದರೂ, ಅಷ್ಟರಲ್ಲಿ ಎರಡೂ ಕಡೆ ಬೇರೆ ಬೇರೆ ಅಭಿರುಚಿಗಳು ಬೇರೂರಿದ್ದವು.

ಸ್ವಯಂಸೇವಕರ ಯೋಜನೆಯಲ್ಲಿ ಯಾರೂ ಯಾರಿಗೂ ಅಪ್ಪಣೆ ಮಾಡುವಂತಿಲ್ಲ. ಇಬ್ಬರು ಅನುಭವಿಗಳು ಒಂದು ವಿಷಯದಲ್ಲಿ ಪಟ್ಟು ಹಿಡಿದರೆ, ಇಬ್ಬರ ಮಾತೂ ಉಳಿಯಲೆಂದು ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಚೆಕ್‌ಬಾಕ್ಸ್ ಇಟ್ಟು ರಾಜಿಯಾಗುವುದು ಎಲ್ಲಕ್ಕಿಂತ ಸುಲಭದ ದಾರಿ. ನನ್ನ ಅನುಭವದಲ್ಲಿ ಬಹಳಷ್ಟು ಚೆಕ್‌ಬಾಕ್ಸುಗಳು ಹುಟ್ಟುವುದು ಬಗೆಹರಿಯದ ಜಗಳಗಳಿಂದಲೇ. ಆದರೆ ಇಂಥ ಹತ್ತು ಆಯ್ಕೆಗಳು ಸೇರಿದರೆ ತಂತ್ರಾಂಶಕ್ಕೆ 1,024 ಬಗೆಯ ಸ್ಥಿತಿಗಳಾಗುತ್ತವೆ. ಅವುಗಳಲ್ಲಿ ನಾವು ಪರೀಕ್ಷಿಸುವುದು ನಾಲ್ಕನ್ನೋ ಐದನ್ನೋ; ಉಳಿದವುಗಳ ಬಗ್‌ಗಳನ್ನು ಬಳಕೆದಾರರೇ ಕಂಡುಹಿಡಿದು ನಮಗೆ ತಿಳಿಸುತ್ತಾರೆ. ಬಾಕ್ಸ್ ಇಡಿಸಿದ ಪುಣ್ಯಾತ್ಮರು ಅಷ್ಟು ಹೊತ್ತಿಗೆ ಬೇರೆ ಯೋಜನೆಗೆ ಹೋಗಿರುವುದೂ ಉಂಟು.

ಗಣಕ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್ 2001ರಲ್ಲಿ ಬಳಕೆದಾರರನ್ನು ಗ್ನೋಮ್ ಮುಂದೆ ಕೂರಿಸಿ ಅಧ್ಯಯನ ಮಾಡಿತು. 2002ರಲ್ಲಿ ಬಂದ ಗ್ನೋಮ್ 2.0 ಆಯ್ಕೆಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದಾಗ ಹಳೆಯ ಬಳಕೆದಾರರು ಸಿಟ್ಟಾದರು. ಕೆಡಿಇ ಆಯ್ಕೆಗಳನ್ನು ಉಳಿಸಿಕೊಂಡಿತು, ಆದರೆ ಡೀಫಾಲ್ಟ್ (ಬಳಕೆದಾರರು ಬದಲಿಸದಿದ್ದರೆ ತಾನಾಗಿ ಇರುವ ಆಯ್ಕೆ) ಯಾವುದಿರಬೇಕೆಂಬ ಪ್ರಶ್ನೆಯಿಂದ ಅದಕ್ಕೂ ಬಿಡುಗಡೆ ಸಿಗಲಿಲ್ಲ. ಅಲ್ಲಿ ಬಹುಕಾಲ ಫೈಲ್ ತೆರೆಯಲು ಒಂದೇ ಕ್ಲಿಕ್ ಸಾಕಾಗುತ್ತಿತ್ತು. ಕಲಿತವರಿಗೆ ಅದು ಹಿತವೇ. ಬೇರೆ ವ್ಯವಸ್ಥೆಗಳಿಂದ ಬಂದವರಿಗೆ ಮಾತ್ರ, ಫೈಲನ್ನು ಆರಿಸಲು ಹೋದರೆ ಅದು ತೆರೆದುಕೊಂಡು ಗಾಬರಿ ಹುಟ್ಟಿಸುತ್ತಿತ್ತು. 2024ರ ಫೆಬ್ರವರಿಯಲ್ಲಿ ಬಂದ ಕೆಡಿಇಯ ಡೆಸ್ಕ್‌ಟಾಪ್ ಆವೃತ್ತಿ ಪ್ಲಾಸ್ಮಾ 6ರಲ್ಲಿ ಡಬಲ್ ಕ್ಲಿಕ್ ಡೀಫಾಲ್ಟ್ ಆಯಿತು. ಸೆಟ್ಟಿಂಗ್ಸ್ ಪುಟವನ್ನು ಎಂದೂ ತೆರೆಯದವರ ಪಾಲಿಗೆ ಡೀಫಾಲ್ಟೇ ತಂತ್ರಾಂಶವಾದುದರಿಂದ ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ನನ್ನ ಗಣಕದಲ್ಲಿ ಮಾತ್ರ ಈಗಲೂ ಒಂದೇ ಕ್ಲಿಕ್.

ಒಮ್ಮೆ ಹೊಸ ಬಳಕೆದಾರರೊಬ್ಬರ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುತ್ತಿದ್ದೆ. ಅವರು ಅರ್ಧ ಗಂಟೆ ಟೈಪ್ ಮಾಡಿ ಕಿಟಕಿಯನ್ನು ಮುಚ್ಚಹೊರಟಾಗ, "ಬದಲಾವಣೆಗಳನ್ನು ಉಳಿಸದೆ ಮುಚ್ಚಬೇಕೆ?" ಎಂಬ ಪ್ರಶ್ನೆ ಬಂತು. ಉಳಿಸಬೇಕಿದ್ದ ಅವರು "ಹೌದು" ಒತ್ತಿದರು. ಆ ಸಂದೇಶವನ್ನು ಬರೆದವನು ನಾನೇ. ಆ ಸಂಜೆಯೇ ಗುಂಡಿಗಳ ಮೇಲೆ ಹೌದು, ಇಲ್ಲ ಎನ್ನುವ ಬದಲು "ಉಳಿಸು", "ಉಳಿಸದೆ ಮುಚ್ಚು", "ರದ್ದುಮಾಡು" ಎಂದು ಕ್ರಿಯಾಪದಗಳನ್ನೇ ಹಾಕಿ ಪ್ಯಾಚ್ ಕಳುಹಿಸಿದೆ. ಅನುವಾದಕರ ತಂಡದ ಸ್ವಯಂಸೇವಕಿಯೊಬ್ಬರು ಅದನ್ನು ತಡೆಹಿಡಿದರು: ಬಿಡುಗಡೆಗೆ ಮುನ್ನ ತೆರೆಯ ಮೇಲಿನ ಪಠ್ಯವನ್ನು ಬದಲಿಸಬಾರದೆಂಬ ನಿರ್ಬಂಧ ಆಗಲೇ ಜಾರಿಯಲ್ಲಿತ್ತು, ಮತ್ತು ನನ್ನ ಮೂರು ಗುಂಡಿಗಳು ಪ್ರತಿಯೊಂದು ಭಾಷೆಯ ಮುಗಿದ ಅನುವಾದವನ್ನೂ ಅಪೂರ್ಣಗೊಳಿಸುತ್ತಿದ್ದವು. ಅವರು ಹೇಳಿದ್ದು ಸರಿಯಾಗಿತ್ತು. ಎರಡು ದಿನ ಮುನಿಸಿಕೊಂಡಿದ್ದು, ಆ ಪ್ಯಾಚನ್ನು ಮುಂದಿನ ಆವೃತ್ತಿಯ ಪಟ್ಟಿಗೆ ಸೇರಿಸಿದೆ.