ಸ್ಕ್ಯಾನ್ ಆಯ್ತಲ್ಲ, ಇನ್ನು ಓಲೆಗರಿ ಯಾಕೆ?

ಪ್ರಶ್ನೆ: ಸಾರ್, ಅಟ್ಟದ ಮೇಲೆ ಅಜ್ಜನ ಕಾಲದ ಓಲೆಗರಿ ಕಟ್ಟು ನಾಲ್ಕೈದು ಇದೆ. ಮಗ ಮೊಬೈಲಲ್ಲಿ ಎಲ್ಲಾ ಫೋಟೋ ತೆಗೆದು ಪಿಡಿಎಫ್ ಮಾಡಿದ್ದಾನೆ. ಇನ್ನು ಮೂಲ ಇಟ್ಟುಕೊಳ್ಳಬೇಕಾ? ಮನೆ ರಿಪೇರಿ ನಡೀತಿದೆ, ಜಾಗ ಇಲ್ಲ.

ಉತ್ತರ: ಇಟ್ಟುಕೊಳ್ಳಬೇಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸುವಾಗ, ಅಣ್ಣ ತಮ್ಮಂದಿರು ಪಾಲಾಗುವಾಗ, ಈ ಪ್ರಶ್ನೆ ಬಂದೇ ಬರುತ್ತದೆ. ಇವತ್ತು ಸಾಗರದಿಂದ, ನಾಳೆ ಹೊಸನಗರದಿಂದ, ನಾಡಿದ್ದು ತೀರ್ಥಹಳ್ಳಿಯಿಂದ. ಹಿಂದೆ ಇರುವುದು ಒಂದೇ ನಂಬಿಕೆ: ಕಂಪ್ಯೂಟರಿಗೆ ಹೋದದ್ದು ಶಾಶ್ವತ.

ನನ್ನದೇ ಕಥೆ ಕೇಳಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯ ಒಂದು ಕಟ್ಟನ್ನು ಸ್ಕ್ಯಾನ್ ಮಾಡಿಸಿ ಸಿಡಿಗೆ ಹಾಕಿಸಿದ್ದೆ. ಅದರ ಜೊತೆ ನಾಲ್ಕು ಪುಟದ ಪರಿಚಯ ಬೇರೆ. ಮೂರು ಮಳೆಗಾಲಕ್ಕೆ ಸಿಡಿಗೆ ಬೂಸ್ಟು ಹಿಡಿಯಿತು. ಒರೆಸಿ ಒರೆಸಿ ಅಂತೂ ಪರಿಚಯದ ಫೈಲ್ ತೆರೆದರೆ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದ ಹಾಗೆ ಏನೇನೋ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಇದೆಯಲ್ಲ, ಅದಲ್ಲ. ಈಗ ಮನೆಯ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಗರಿ? ಬಿಸಿಲಿಗೆ ಹಿಡಿದರೆ ಈಗಲೂ ಓದಬಹುದು.

ನಾವು ಹಳ್ಳಿಯವರು, ನಮಗೆ ಗೊತ್ತಾಗಲಿಲ್ಲ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಬುಕ್ ಅಂತ ಒಂದಿದೆ. ನಮ್ಮ ಕೆಳದಿಯ ರಾಜ ಶಿವಪ್ಪನಾಯಕನ ಕಂದಾಯ ಪದ್ಧತಿ 'ಶಿಸ್ತು' ಇತ್ತಲ್ಲ, ಅದರ ಹಾಗೆ ಭೂಮಿಯ ಲೆಕ್ಕ, ಬರೆದದ್ದು ಚರ್ಮದ ಹಾಳೆಯ ಮೇಲೆ. ಅದಕ್ಕೆ 900 ವರ್ಷ ಆದ ನೆನಪಿಗೆ 1986ರಲ್ಲಿ ಬಿಬಿಸಿಯವರು ಇಡೀ ದೇಶದ ಹೊಸ ಮಾಹಿತಿ ಸೇರಿಸಿ ಲೇಸರ್ ಡಿಸ್ಕಿನಲ್ಲಿ ತಂದರು. ಹದಿನೈದು ಹದಿನಾರು ವರ್ಷಕ್ಕೆ ಆ ಡಿಸ್ಕ್ ಓದುವ ಯಂತ್ರ ಹುಡುಕುವುದೇ ಕಷ್ಟವಾಯಿತು. ಪರಿಣತರು ಕೂತು ಬಹಳ ಒದ್ದಾಡಿ ಉಳಿಸಿಕೊಂಡರು. ಚರ್ಮದ ಹಾಳೆಗೆ ಏನೂ ಆಗಿಲ್ಲ.

ಇನ್ನೂ ಹತ್ತಿರದ್ದು ಬೇಕಾ? 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ಆಯಿತು. ಅವರು ವರ್ಷಗಟ್ಟಲೆ ಸ್ಕ್ಯಾನ್ ಮಾಡಿಟ್ಟ ಹಸ್ತಪ್ರತಿಗಳು ತಿಂಗಳುಗಟ್ಟಲೆ ಆನ್‌ಲೈನಿನಲ್ಲಿ ಸಿಗಲಿಲ್ಲ. ಮೂಲ ಪ್ರತಿಗಳು ಕಪಾಟಿನಲ್ಲೇ ಇದ್ದವು, ಪುಣ್ಯ.

ಹಾಗಂತ ಸ್ಕ್ಯಾನ್ ದಂಡ ಅಂತ ನಾನು ಹೇಳುತ್ತಿಲ್ಲ. ಮಾಡಿ, ಖಂಡಿತ ಮಾಡಿ. ಅದು ಒಂದು ನಕಲು, ಅಷ್ಟೇ. ನಕಲನ್ನು ಮತ್ತೆ ಮತ್ತೆ ನಕಲು ಮಾಡುತ್ತಿರಬೇಕು. ಇದು ಹೊಸ ಮಾತೂ ಅಲ್ಲ. ಕವಿರಾಜಮಾರ್ಗ 9ನೇ ಶತಮಾನದ್ದು. ಆ ಕಾಲದ ಗರಿ ಒಂದೂ ನಮ್ಮ ಕೈಯಲ್ಲಿಲ್ಲ. ಹಳೆಯದು ಮುರಿಯುವ ಮೊದಲು ಯಾರೋ ಕೂತು ಹೊಸ ಗರಿಗೆ ಕಬ್ಬಿಣದ ಮೊನೆ ಕಡ್ಡಿಯಲ್ಲಿ (ಕಂಟ) ಕೊರೆದರು, ಅದಕ್ಕೇ ಓದುತ್ತಿದ್ದೇವೆ. ಹಾರ್ಡ್ ಡಿಸ್ಕಿಗೂ ಅದೇ ಚಾಕರಿ ಬೇಕು. ಮೂರು ಪ್ರತಿ ಇರಲಿ, ಒಂದಾದರೂ ಮನೆಯ ಹೊರಗೆ, ಬೆಂಗಳೂರಿನ ಮಗಳ ಮನೆಯಲ್ಲಿ ಇರಲಿ. ಮಳೆ ಹಿಡಿಯುವ ಮುಂಚೆ ಸೌದೆ ಒಳಗೆ ಹಾಕುತ್ತೀರಲ್ಲ, ಆ ವಾರವೇ ಡಿಸ್ಕ್ ತೆಗೆದು ನಾಲ್ಕು ಫೈಲ್ ತೆರೆದು ನೋಡಿ.

ಮತ್ತೆ, ಆ ಮೊಬೈಲ್ ಫೋಟೋ. ಗರಿಯ ಎರಡೂ ಬದಿ ತೆಗೆದಿದ್ದಾನಾ? ಮೇಲೆ ಕೆಳಗೆ ಇರುವ ಮರದ ಪಟ್ಟಿ? ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ್ದರೆ ಅದು ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಕೊರೆದ ಅಕ್ಷರದ ಮಸಿ ಅಳಿಸಿಹೋಗಿದ್ದರೆ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಅದಕ್ಕೆ ದೀಪದ ಕಾಡಿಗೆ, ಎಣ್ಣೆ ಹಚ್ಚಿ ಎಬ್ಬಿಸುವ ಕೆಲಸ ತಿಳಿದವರೇ ಮಾಡಬೇಕು. ಮೂಲ ಇದ್ದರೆ ತಾನೇ ಅದು? ಗರಿಗೆ ಲ್ಯಾಮಿನೇಶನ್ ಬೇಡ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ನಮ್ಮ ಥಂಡಿಗೆ ಒಳಗೇ ಬೆವರುತ್ತದೆ. ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡಿ. ಮುಂಚೆ ಒಲೆಯ ಹೊಗೆ ಅಟ್ಟಕ್ಕೆ ಹೋಗಿ ಹುಳ ಬರುತ್ತಿರಲಿಲ್ಲ. ಈಗ ಗ್ಯಾಸ್, ಹಾಗಾಗಿ ಆಗಾಗ ಬಿಚ್ಚಿ ನೋಡಲೇಬೇಕು. ಕಟ್ಟಿನ ಜೊತೆ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಇದ್ದರೆ ಅದು ಕಡತ. ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ! ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆ ಅದು. ಬರೆದದ್ದು ಬಳಪದಲ್ಲಿ. ಸ್ಲೇಟಿನ ಹಾಗೆ ಅಳಿಸಿಹೋಗುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಅದರಲ್ಲಿ ಏನು ಬರೆದಿದೆ? "ಮಲಯಾಳ ಲಿಪಿ ಸಾರ್, ನಮಗೆ ಬರಲ್ಲ" ಅಂದುಬಿಡುತ್ತಾರೆ. ನಮ್ಮ ಕಡೆ ಅದು ಹೆಚ್ಚಾಗಿ ತಿಗಳಾರಿ ಎಂಬ ಬೇರೆ ಲಿಪಿ. ಎರಡೂ 'ಗ್ರಂಥ' ಎಂಬ ಹಳೆಯ ಲಿಪಿಯ ಮಕ್ಕಳು, ಅದಕ್ಕೇ ಮುಖ ಹೋಲುತ್ತದೆ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ವೇದ, ಶಾಸ್ತ್ರ, ಮಂತ್ರ ಬರೆದದ್ದು ಇದರಲ್ಲೇ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಈ ಲಿಪಿಗೂ ಜಾಗ ಸಿಕ್ಕಿದೆ. ಅಂದರೆ ಇನ್ನು ಇದನ್ನು ಬರೀ ಚಿತ್ರವಾಗಿ ಅಲ್ಲ, ಅಕ್ಷರವಾಗಿಯೇ ಕಂಪ್ಯೂಟರಿನಲ್ಲಿ ಬರೆಯಬಹುದು, ಹುಡುಕಬಹುದು. ಆದರೆ ಯಾರಾದರೂ ಓದಿ ಟೈಪ್ ಮಾಡಬೇಕಲ್ಲ! ನಿಮ್ಮ ಪಿಡಿಎಫ್ ತಾನಾಗಿ ಅಕ್ಷರ ಆಗುವುದಿಲ್ಲ.

ಸಾಗರದ ಹತ್ತಿರ ಕೆಳದಿಯ ಮ್ಯೂಸಿಯಮ್ಮಿನಲ್ಲಿ ತಿಗಳಾರಿ ಓಲೆಗಳ ಸಂಗ್ರಹವೇ ಇದೆ. ಒಮ್ಮೆ ಹೋಗಿ ನೋಡಿಬನ್ನಿ. ಓದಲು ಬಲ್ಲವರು ಸಿಕ್ಕರೆ ಮೊದಲು ಕಟ್ಟಿನ ಕೊನೆಯ ಗರಿ ತೋರಿಸಿ. ನಕಲು ಮಾಡಿದವರ ಹೆಸರು, ಸಂವತ್ಸರ ಅಲ್ಲೇ ಇರುವುದು ಜಾಸ್ತಿ. ಸಂವತ್ಸರ ಒಂದನ್ನೇ ನಂಬಬೇಡಿ, 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ಇಸವಿ ಸಿಗುತ್ತದೆ.